ನಿಬಿಯಾ ಗುಂಡಿ ಬಿಡಲಿಲ್ಲ

ಮಾಟೆ ಎಂಬ ಕಹಿ ಸೊಪ್ಪಿನ ಕಷಾಯ ಕುಡಿಯುವ ಸೋರೆಬುರುಡೆಯನ್ನು ಕೈಯಲ್ಲಿಟ್ಟುಕೊಂಡು ಮಾತಿಗೆ ತೊಡಗಿದವರನ್ನು ಪಾಸೊ ಸೆರೆನೊ ಊರಿನಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಬುರುಡೆ ಒಂದೇ, ಕುಡಿಯುವ ಬಾಯಿ ಆರೋ ಏಳೋ. ಒಬ್ಬರು ಹೀರಿ ಮುಗಿಸಿ ಕೊಟ್ಟರೆ ತಾನೇ ಇನ್ನೊಬ್ಬರಿಗೆ ಬಿಸಿನೀರು ತುಂಬಿ ಕೊಡುವುದು? "ಏ, ಅದು ಮೈಕ್ ಅಲ್ಲ ಕಣಮ್ಮ, ಕುಡಿದು ಕೊಡು!" ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಎಲ್ಲರಿಗೂ ವರ್ಷಕ್ಕೆ ನಾಲ್ಕು ಸಲ ಬೀಳುವ ಈ ಮಾತು ನಿಬಿಯಾ ಅರೋಸ್ಪಿದೆಗೆ ಚಿಕ್ಕಂದಿನಲ್ಲಿ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ಅವಳು ಉಗ್ಗುತ್ತಿದ್ದಳು. ಇನ್ನು ಸಾಕು ಅನ್ನುವವರು ಬುರುಡೆ ಹಿಂತಿರುಗಿಸುತ್ತಾ "ಗ್ರಾಸಿಯಾಸ್" ಎಂದು ಧನ್ಯವಾದ ಹೇಳಬೇಕು, ಇಲ್ಲದಿದ್ದರೆ ಮತ್ತೆ ಪಾಳಿ ಬರುತ್ತದೆ. ಆ ಗಕಾರ ಗಂಟಲು ದಾಟುವಷ್ಟರಲ್ಲಿ ಬುರುಡೆ ಮತ್ತೆ ತುಂಬಿ ಅವಳ ಮುಂದೆ ಬಂದಿರುತ್ತಿತ್ತು. ಹೊಟ್ಟೆ ಉಬ್ಬರಿಸಿಕೊಂಡು, ಕಹಿ ಕಹಿ ನೀರನ್ನು ಹುಡುಗಿ ಕುಡಿದದ್ದೇ ಕುಡಿದದ್ದು.

ಅವಳ ಅಪ್ಪ ಊರಿನ ನೀರಿನ ಪಂಪ್‌ಹೌಸ್ ನೋಡಿಕೊಳ್ಳುತ್ತಿದ್ದವನು. ಮನೆಯೂ ಅಲ್ಲೇ, ನದಿಯ ಏರುದಂಡೆಯ ಮೇಲೆ. ಹವ್ಯಾಸಿ ರೇಡಿಯೊದ ಹುಚ್ಚು ಹಿಡಿಸಿಕೊಂಡು ಮನೆಯ ಪಕ್ಕಕ್ಕೆ ಹದಿನೆಂಟು ಮೀಟರಿನ ಕಂಬ ನಿಲ್ಲಿಸಿದ್ದ. ಮಗಳಿಗೆ ಹನ್ನೊಂದಾದಾಗ ಒಂದು ಭಾನುವಾರ ಮೈಕನ್ನು ಅವಳ ಕೈಗಿಟ್ಟು, "ನೋಡು ಮಗಳೇ, ಈ ಗುಂಡಿ ಒತ್ತಿದ್ರೆ ಆ ಕಡೆ ಬರೀ ಕಿವಿಗಳು. ನೀನು ಬಿಡೋವರ್ಗೂ ಯಾವನೂ ನಡುವೆ ಬಾಯಿ ಹಾಕೋ ಹಾಗಿಲ್ಲ," ಎಂದ.

ಅದು ನಿಜವಾಗಿತ್ತು. ಬಯಲುಸೀಮೆಯ ದೂರದ ಹೊಲಮನೆಗಳ ಕ್ಷೀಣ ದನಿ ಕೂಡ ತಪ್ಪಬಾರದೆಂದು ಆ ಕಡೆಯವರು ರೇಡಿಯೊದ ಸೊರ್‌ಗುಟ್ಟುವ ಸದ್ದನ್ನು ಬಂದ್ ಮಾಡುವುದೇ ಇಲ್ಲ. ಯಾರೂ ಮಾತಾಡದಾಗ ಎಲ್ಲರ ಮನೆಯಲ್ಲೂ ಎಣ್ಣೆ ಕಾಯುತ್ತಿರುವ ಹಾಗೆ ಸೊರ್ ಅನ್ನುತ್ತಲೇ ಇರುತ್ತದೆ. ಯಾರಾದರೂ ಗುಂಡಿ ಒತ್ತಿದರೆ ಆ ಸದ್ದು ತಟ್ಟನೆ ಸಾಯುತ್ತದೆ. ಒತ್ತಿದವರು ಒಂದಕ್ಷರ ಆಡದಿದ್ದರೂ ಸರಿ, ಯಾರೋ ಬಂದು ಕೂತಿದ್ದಾರೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಿಬಿಯಾಳ ಮಾತು ಕಟ್ಟಿಕೊಂಡರೆ ಕೆಲವೊಮ್ಮೆ ಏಳು ಸೆಕೆಂಡು. ಎಣಿಸಿ ನೋಡಿಕೊಂಡಿದ್ದಳು. ಶಾಲೆಯಲ್ಲಿ, ಅಂಗಡಿಯಲ್ಲಿ, ಇಗರ್ಜಿಯಲ್ಲಿ ಆ ಏಳು ಸೆಕೆಂಡಿನೊಳಗೆ ಯಾರಾದರೂ ಅವಳ ವಾಕ್ಯವನ್ನು ಕಿತ್ತುಕೊಂಡು ತಾವೇ ಮುಗಿಸಿಬಿಡುತ್ತಿದ್ದರು, ಅದೂ ತಪ್ಪು ತಪ್ಪಾಗಿ. ರೇಡಿಯೊದಲ್ಲಿ ಮಾತ್ರ ಆ ಏಳೂ ಸೆಕೆಂಡು ಅವಳದೇ. ಜೊತೆಗೆ ಇನ್ನೊಂದು ಲಾಭ: ಒತ್ತಿದಷ್ಟು ಹೊತ್ತು ಅವಳ ರೇಡಿಯೊ ಕಿವುಡು. ಅತ್ತ ಯಾರು ನಕ್ಕರೂ ಇತ್ತ ಕೇಳಿಸುವುದಿಲ್ಲ.

ಹತ್ತೊಂಬತ್ತಕ್ಕೆ ಪರೀಕ್ಷೆ ಬರೆದು ಪರವಾನಗಿ ತೆಗೆದುಕೊಂಡಳು. ಅಪ್ಪ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಉಳಿದಳು. ಓವಿದಿಯೊ ಎಂಬ ಮರದ ಲಾರಿಯ ಚಾಲಕನನ್ನು ಮದುವೆಯಾದಳು. ಅವನು ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಉಣ್ಣೆ ವಿಂಗಡಿಸುವ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಸೇರಿದಳು, ಏಕೆಂದರೆ ಅಲ್ಲಿ ಮಾತಾಡುವುದು ಬೆರಳು. ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ ಇದು ಈ ರಾಶಿಗೆ, ಅದು ಆ ರಾಶಿಗೆ ಎಂದು ಎಸೆದರಾಯಿತು. ವಾರಕ್ಕೆಲ್ಲ ಸೇರಿ ಅವಳು ಬಾಯಿ ತುಂಬ ಮಾತಾಡುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ರೇಡಿಯೊದ ಸುತ್ತಿನಲ್ಲಿ.

ಸುತ್ತು ಎಂದರೆ ಮಾಟೆಯ ಸುತ್ತಿನ ಹಾಗೇ. ನದಿಯ ಮೇಲಿನಿಂದ ಕೆಳಕ್ಕೆ ಹನ್ನೆರಡು ಮನೆ. ಮೊದಲಿನವರಿಂದ ಕೊನೆಯವರವರೆಗೆ ಒಬ್ಬೊಬ್ಬರಾಗಿ ತಮ್ಮ ಕಡೆಯ ಮಳೆ, ಹುಲ್ಲು, ಕುರಿ, ಬೆಂಕಿಯ ಹೊಗೆ, ಯಾರಿಗಾದರೂ ಕಳಿಸಬೇಕಾದ ಸುದ್ದಿ ಹೇಳಿ, ಕೊನೆಗೆ "ಕಾಂಬ್ಯೊ" ಅಂದು ಗುಂಡಿ ಬಿಟ್ಟರೆ ಮುಂದಿನವರ ಪಾಳಿ. ಸುತ್ತನ್ನು ನಡೆಸುವವರು ದೋನ್ ವಾಲ್ದೆಮಾರ್, ರೈಲು ನಿಲ್ಲುತ್ತಿದ್ದ ಕಾಲದ ಸ್ಟೇಷನ್ ಮಾಸ್ತರು. ರೈಲು ನಿಂತುಹೋಗಿ ಎಷ್ಟೋ ವರ್ಷವಾದರೂ ಅವರೊಳಗಿನ ಗಡಿಯಾರ ನಿಂತಿರಲಿಲ್ಲ. ಮೇಲ್ದಂಡೆಯ ಸೆಲ್ಸೊ ಮುಗಿಸಿದ ಮೇಲೆ ನಿಬಿಯಾ, ನಿಬಿಯಾ ಆದ ಮೇಲೆ ಕೆಳದಂಡೆಯ ದೋನ್ಯಾ ಏಲಿದಾ. ನದಿಯ ಮಟ್ಟ ಹೇಳುವುದು ನಿಬಿಯಾಳ ಕೆಲಸ. ಅವಳ ಪಾಳಿ ಬಂದರೆ ಸೆಲ್ಸೊ ಸುಮ್ಮನಿರುತ್ತಿರಲಿಲ್ಲ. "ನಿಬಿಯಾ, ನೀನು ನಿನ್ನ ಹೆಸ್ರು ಹೇಳ್ಕೊಳೋಷ್ಟ್ರಲ್ಲಿ ನಾನು ಒಂದು ಕುರಿ ಉಣ್ಣೆ ಕತ್ತರಿಸಿ ಬಂದೆ ನೋಡು," ಅನ್ನುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. "ಅ... ಅದಕ್ಕೇ ನಿನ್ನ ಉಣ್ಣೆ ತ... ತುಂಡು ತುಂಡು ಬರತ್ತೆ, ಸೆಲ್ಸೊ. ನಾನೇ ವಿಂಗಡಿಸೋದು, ಗೊತ್ತು ನಂಗೆ."

ಹೀಗೆ ನಡೆದುಕೊಂಡು ಹೋಗುತ್ತಿದ್ದ ಹೊತ್ತಿಗೆ, ಕಳೆದ ಚಳಿಗಾಲದಿಂದ ಅವಳ ಮಗಳು ಅರಾಸೆಲಿ ಉಗ್ಗತೊಡಗಿದಳು.

ಮಗುವಿಗೆ ನಾಲ್ಕೂವರೆ ವರ್ಷ. ಮೊದಲು "ಅಮ್ಮಾ" ಎಂಬುದೇ ಅ ಅ ಅ ಎಂದು ಮೂರು ಸಲ ಬಂತು. ಆಟವೇನೋ ಎಂದುಕೊಂಡಳು. ವಾರದೊಳಗೆ ಆಟವಲ್ಲ ಎಂದು ಗೊತ್ತಾಯಿತು. ಮಗು ಕಣ್ಣು ಮುಚ್ಚಿ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಿತ್ತು, ತಾನು ಮಾಡುತ್ತಿದ್ದ ಹಾಗೇ, ಥೇಟ್ ಹಾಗೇ. ರಕ್ತದಲ್ಲಿ ಬಂತೇ? ನೋಡಿ ಕಲಿತಳೇ? ಹೊಟ್ಟೆಯಲ್ಲಿದ್ದಾಗ ತಾನೇನಾದರೂ ತಿನ್ನಬಾರದ್ದು ತಿಂದೆನೇ? ಪೇಟೆಯ ಡಾಕ್ಟರು, "ಆತಂಕ ತೋರಿಸ್ಬೇಡಿ, ಮಗು ಮುಗ್ಸೋವರ್ಗೂ ಕಾಯಿರಿ, ಅಷ್ಟೆ," ಎಂದರು. ಆತಂಕ ತೋರಿಸಬಾರದೆಂಬುದೇ ಒಂದು ಹೊಸ ಆತಂಕವಾಯಿತು. ಮಗಳು ಬಾಯಿ ತೆರೆದರೆ ಸಾಕು, ನಿಬಿಯಾಳ ಮನಸ್ಸು ತಾನಾಗಿ ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಬೇಕರಿಯಲ್ಲಿ ಅರಾಸೆಲಿ ಬೇಕಾದ ತಿಂಡಿಯ ಹೆಸರು ಹೇಳುವುದನ್ನು ಬಿಟ್ಟು ಬೆರಳು ತೋರಿಸತೊಡಗಿದಾಗ ಆ ನಗುವೂ ಬತ್ತಿತು. ಬೆರಳು ತೋರಿಸಿ ಬದುಕುವುದು ಹೇಗೆಂದು ನಿಬಿಯಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟರಲ್ಲಿ ಜನವರಿಯ, ಅಂದರೆ ಅಲ್ಲಿನ ಕಡುಬೇಸಿಗೆಯ, ಬೆಂಕಿ. ಒಣಹುಲ್ಲಿನ ಬಯಲಿಗೆ ಕಿಡಿ ಬಿದ್ದು, ದೋನ್ಯಾ ಏಲಿದಾರ ಉಣ್ಣೆ ಕತ್ತರಿಸುವ ಕೊಟ್ಟಿಗೆ, ನಲವತ್ತು ಹೆಣ್ಣುಕುರಿ ಸುಟ್ಟುಹೋದವು. ಎಪ್ಪತ್ತು ದಾಟಿದ ಆ ಒಂಟಿ ಹೆಂಗಸು ಮುಕ್ಕಾಲು ಗಂಟೆ ರೇಡಿಯೊದಲ್ಲಿ ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಕಾರಣ ಸೆಲ್ಸೊ. ಅವನ ಮೈಕು ಸೋಫಾದ ಸಂದಿಗೆ ಜಾರಿ, ಅದರ ಮೇಲೆ ಅವನು ತೊಡೆಯೂರಿ ಕೂತು, ಗುಂಡಿ ಒತ್ತಿಹೋಗಿ, ಆ ಮುಕ್ಕಾಲು ಗಂಟೆಯೂ ಹನ್ನೊಂದು ಮನೆಗೆ ಕೇಳಿದ್ದು ಅವನ ಮನೆಯ ಟಿವಿಯ ಫುಟ್‌ಬಾಲ್ ಪಂದ್ಯ. ಅವನ ಬೈಗುಳಗಳೂ ಸೇರಿ.

ದೋನ್ ವಾಲ್ದೆಮಾರ್ ಕೆಟ್ಟವರಲ್ಲ. ಆ ಬೆಂಕಿ ಅವರ ನಿದ್ದೆ ಕೆಡಿಸಿತ್ತು. ಗುಂಡಿಯ ಸಹವಾಸವೇ ಬೇಡವೆಂದು ತೀರ್ಮಾನಿಸಿದರು. ದನಿ ಬಿದ್ದರೆ ತಾನೇ ತೆರೆದುಕೊಳ್ಳುವ, ದನಿ ನಿಂತರೆ ತಾನೇ ಮುಚ್ಚಿಕೊಳ್ಳುವ ಸಲಕರಣೆ ಈಗ ಎಲ್ಲ ರೇಡಿಯೊದಲ್ಲೂ ಇದೆ, ವಾಕ್ಸ್ ಅನ್ನುತ್ತಾರೆ. ಮಾರ್ಚಿನ ಮೊದಲ ಭಾನುವಾರದಿಂದ ಸುತ್ತಿನಲ್ಲಿ ಎಲ್ಲರೂ ವಾಕ್ಸ್. ತಲೆಗೆ ಹಾಕಿಕೊಳ್ಳುವ ಮೈಕುಗಳನ್ನು ತರಿಸಿ, ತಾವೇ ಮನೆಮನೆಗೆ ಹೋಗಿ ಕೊಟ್ಟುಬಂದರು.

ನಿಬಿಯಾಳ ಅಡುಗೆಮನೆಯ ಮೇಜಿನ ಮೇಲೆ ತಾವೇ ಜೋಡಿಸಿ, ತಾವೇ ಅವಳ ತಲೆಗೆ ತೊಡಿಸಿ, "ಹೂಂ, ಮಾತಾಡು ಮಗಳೇ. ಎರಡೂ ಕೈ ಖಾಲಿ. ಅಡುಗೆ ಮಾಡ್ಕೋ, ಮಗೂನ ಎತ್ಕೋ, ಹೆಂಗಸ್ರಿಗಂತೂ ವರ ಇದು," ಎಂದರು.

"ನ... ನ..." ಎಂದು ತನ್ನ ಹೆಸರು ಹೇಳಹೊರಟಳು. ರೇಡಿಯೊದ ಕೆಂಪು ದೀಪ ಹೊತ್ತಿತು, ಆರಿತು, ಹೊತ್ತಿತು. ಮಾತು ಕಟ್ಟಿಕೊಂಡಿತು, ದೀಪ ಆರಿಯೇ ಹೋಯಿತು. ಕೊನೆಗೆ "ಬಿಯಾ" ಬಂದಾಗ ಅದರ ಮೊದಲ ಚೂರನ್ನು ಯಂತ್ರ ನುಂಗಿ "ಯಾ" ಎಂದಷ್ಟೇ ಕಳಿಸಿತು.

ದೋನ್ ವಾಲ್ದೆಮಾರ್ ತಿರುಪು ತಿರುಗಿಸಿದರು. "ಮಾತು ನಿಂತ್ಮೇಲೆ ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಳ್ಬಹುದು ಇದಕ್ಕೆ. ನೋಡು, ಎರಡು ಸೆಕೆಂಡು. ಇದಕ್ಕಿಂತ ಜಾಸ್ತಿ ಇಲ್ಲ. ಅದಕ್ಕಿಂತ ಹೆಚ್ಚು ಮೌನ ಯಾರಿಗೆ ಬೇಕು ಹೇಳು?"

"ನ... ನಂಗೆ ಬೇಕು."

ಅವರು ಕೆಮ್ಮಿದರು. ನೊಂದುಕೊಂಡರು ಕೂಡ. ಆಮೇಲೆ ಬಹಳ ಮೆತ್ತಗೆ, "ಹೋಗ್ಲಿ, ಒಂದು ಕೆಲ್ಸ ಮಾಡು. ನದಿ ಮಟ್ಟ ಒಂದು ಚೀಟೀಲಿ ಬರ್ದು ಶನಿವಾರ ನನ್ನ ಬಾಗ್ಲ ಕೆಳಗೆ ಹಾಕು. ನಿನ್ನ ಪಾಳೀಲಿ ನಾನೇ ಓದ್ತೀನಿ. ನಿಂಗೂ ಕಷ್ಟ ತಪ್ತು," ಎಂದು ಟೋಪಿ ಎತ್ತಿಕೊಂಡು ಹೊರಟರು.

ಮೇಜಿನ ಕೆಳಗೆ ಕೂತು ಗೊಂಬೆಗೆ ಉಣಿಸುತ್ತಿದ್ದ ಅರಾಸೆಲಿ ತಲೆ ಹೊರಹಾಕಿದಳು. "ಅ... ಅಮ್ಮಾ, ಇನ್ಮೇಲೆ ನಿನ್ನ ಮಾತು ಆ ತಾತ ಹೇಳ್ತಾರಾ?" ನಿಬಿಯಾ ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದು ಬಂತು: "ನ... ನಂದು ಯಾರು ಹೇಳ್ತಾರೆ?"

ಅಲ್ಲಿಯವರೆಗೆ ಅದು ನಿಬಿಯಾಳೊಬ್ಬಳ ಭಾನುವಾರದ ಪ್ರಶ್ನೆಯಾಗಿತ್ತು. ಈಗ ಅಲ್ಲ. ತಾನು ಚೀಟಿ ಬರೆದು ಬಾಗಿಲ ಕೆಳಗೆ ತಳ್ಳಿದರೆ ಈ ಮಗು ಬದುಕೆಲ್ಲ ಬೆರಳು ತೋರಿಸಿಕೊಂಡೇ ಇರುತ್ತದೆ.

ಲಾರಿಯಿಂದ ಇಳಿದು ಬಂದ ಓವಿದಿಯೊಗೆ ಹೇಳಿದರೆ, "ಹೋಗ್ಲಿ ಬಿಡೇ. ಹನ್ನೆರಡು ಮುದುಕ್ರ ಹರಟೆಗೋಸ್ಕರ ಯಾಕೆ ತಲೆ ಕೆಡಿಸ್ಕೊಳ್ತೀಯಾ?" ಎಂದ.

"ಹ... ಹನ್ನೊಂದು ಮುದುಕ್ರು. ಹನ್ನೆರಡನೇದು ನಾನು," ಎಂದಳು.

ಮಾರ್ಚಿನ ಮೊದಲ ಭಾನುವಾರ ಬಂತು. ಎಲ್ಲರೂ ತಲೆಗೆ ಮೈಕು ತೊಟ್ಟರು. ಎರಡು ಕೈಯೂ ಖಾಲಿಯಾದ ಮೇಲೆ ಆ ಸೀಮೆಯವರ ಕೈಗೆ ಏನು ಬರುತ್ತದೆ? ಮಾಟೆ. ಅದರ ಬುಡದಲ್ಲಿ ನೀರು ಮುಗಿಯುವಾಗ ಲೋಹದ ಕೊಳವೆಯಿಂದ ಸೊರ್ರ್ ಎಂದು ಹೀರಿ ಸದ್ದು ಮಾಡದೆ ಬಿಟ್ಟರೆ ಕುಡಿದಂತೆಯೇ ಅಲ್ಲ. ಬಾಯಿಯ ಮುಂದೆಯೇ ಮೈಕು. ದೋನ್ ವಾಲ್ದೆಮಾರ್ "ಸುತ್ತಿನ ಬಂಧುಗಳಿಗೆ ಶುಭೋದಯ" ಎನ್ನುವಷ್ಟರಲ್ಲಿ ಮೇಲ್ದಂಡೆಯಿಂದ ಒಂದು ಸೊರ್ರ್ ಬಂದು ಶುಭೋದಯವನ್ನು ಅಳಿಸಿತು. "ಯಾರದು?" ಎಂದರೆ ಇನ್ನೊಂದು ಕಡೆಯಿಂದ ಸೊರ್ರ್. ಎರಡು ಸೊರ್ರ್ ಡಿಕ್ಕಿ ಹೊಡೆದು ಕೀಂ ಎಂದು ಕಿರುಚಿತು. ಯಾರದೋ ನಾಯಿ ಎರಡು ಸಲ ಬೊಗಳಿ ತನ್ನ ಪಾಳಿ ತೆಗೆದುಕೊಂಡಿತು. ಸೆಲ್ಸೊನ ಕುದಿಯುವ ಕೆಟಲು ಪೂರ್ತಿ ಒಂದು ನಿಮಿಷ ಮಳೆಯ ವರದಿ ಕೊಟ್ಟಿತು.

"ಸೆಲ್ಸೊ, ಕೆಳಗಿಡಯ್ಯ ಆ ಬುರುಡೆ!"

"ಒಂಬತ್ತು ಗಂಟೇಲಿ ಮಾಟೆ ಕೆಳಗಿಡು ಅಂದ್ರೆ ಹೆಂಗೆ ದೋನ್ ವಾಲ್ದೆಮಾರ್? ಪ್ರಾಣ ಬಿಡು ಅನ್ನಿ, ಬಿಡ್ತೀನಿ."

"ಅಭ್ಯಾಸವಾಗತ್ತೆ, ಎಲ್ಲಾ ಅಭ್ಯಾಸವಾಗತ್ತೆ," ಎಂದರು ದೋನ್ ವಾಲ್ದೆಮಾರ್. "ನಿಬಿಯಾ, ನಿನ್ನ ಪಾಳಿ."

ನಿಬಿಯಾ ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದಳು. ತಲೆಯ ಮೇಲೆ ಆ ಮೈಕು, ಸೊಂಟದ ಬಳಿ ಮಗಳು. "ನ" ಎಂದಳು. ಕಟ್ಟಿಕೊಂಡಿತು. ದೀಪ ಆರಿತು, ಎಣ್ಣೆ ಕಾಯುವ ಸದ್ದು ನುಗ್ಗಿತು, ಅದರ ಹಿಂದೆಯೇ ಯಾರದೋ ನಗು, ಆಮೇಲೆ ಒಂದು ಸೊರ್ರ್. "ಬಿಯಾ ಕಡೆಯಿಂದ ಏನೂ ಇಲ್ಲ. ಮುಂದೆ, ದೋನ್ಯಾ ಏಲಿದಾ," ಎಂದರು ದೋನ್ ವಾಲ್ದೆಮಾರ್. ಹೆಸರಿನ ಮೊದಲ ಚೂರನ್ನು ಅವರ ಯಂತ್ರವೂ ನುಂಗಿತ್ತು.

ಏನೂ ಇಲ್ಲ! ತಲೆಯ ಮೈಕನ್ನು ಕಿತ್ತು ಬ್ರೆಡ್ಡಿನ ಬುಟ್ಟಿಗೆ ಎಸೆದಳು. ಅಪ್ಪನ ಹಳೆಯ ಮೈಕನ್ನು ಸಿಕ್ಕಿಸಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದಳು. ಹನ್ನೊಂದು ಮನೆಯಲ್ಲಿ ಎಣ್ಣೆಯ ಸದ್ದು ತಟ್ಟನೆ ಸತ್ತಿತು.

"ನಾನು ನ... ನ..." ಏಳಲ್ಲ, ಒಂಬತ್ತು ಸೆಕೆಂಡು. "ನಿಬಿಯಾ. ಇದ್ದೀನಿ ಇಲ್ಲಿ. ಸೆಲ್ಸೊ ಹ... ಹೀರೋದಕ್ಕೆ ಪಾಳಿ ಇದೆ. ನಾಯಿಗೆ ಪಾಳಿ ಇದೆ. ಕೆಟಲಿಗೂ ಇದೆ. ನನ್ನ ಮೌನಕ್ಕೆ ಮಾತ್ರ ಇಲ್ವಾ? ಒಂದು ಕಣ್ಣಿಗೆ ಬೆ... ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಯಾಕೆ, ದೋನ್ ವಾಲ್ದೆಮಾರ್? ಕಾಂಬ್ಯೊ."

"ಬೆಂಕಿ ಬಿದ್ರೆ ಏನಮ್ಮಾ ಮಾಡೋದು?" ಎಂದರು ದೋನ್ ವಾಲ್ದೆಮಾರ್. "ನೀನು ಒತ್ತಿ ಹಿಡ್ಕೊಂಡು ಕೂತಿರುವಾಗ ಇನ್ನೊಬ್ರ ಮನೆ ಹೊತ್ತಿ ಉರಿದ್ರೆ?"

"ಅವತ್ತು ಒತ್ತಿದ್ದು ಕ... ಕೈಯಲ್ಲ, ತೊಡೆ. ನನ್ನ ಕೈಗೆ ಗೊತ್ತು ಎಲ್ಲಿ ಬಿಡ್ಬೇಕು ಅಂತ. ಒಂದೊಂದು ವಾಕ್ಯ ಮುಗಿದ್ಮೇಲೂ ಬಿಟ್ಟು, ಎರಡು ಎಣಿಸಿ, ಮತ್ತೆ ಒತ್ತುತ್ತೀನಿ. ಬೆಂಕಿ ಇದ್ದೋರು ಆ ಎರಡ್ರಲ್ಲಿ ಕೂಗ್ಲಿ. ವಾಕ್ಯದ ಒಳಗೆ ಮಾತ್ರ ಯಾರೂ ಬರೋ ಹಾಗಿಲ್ಲ. ಕಾಂಬ್ಯೊ."

"ಒಬ್ರಿಗೊಂದು ನಿಯಮ ಮಾಡೋಕಾಗಲ್ಲ. ವಾಕ್ಸ್ ಇಲ್ದೋರ ಹೆಸ್ರು ಪಟ್ಟೀಲಿರಲ್ಲ. ಕಾಂಬ್ಯೊ."

ಅವಳ ಹೆಸರಿನ ಮೇಲೆ ಸೀಸದಕಡ್ಡಿ ಎಳೆದ ಸದ್ದನ್ನು ಕೂಡ ಅವರ ಯಂತ್ರ ಹಿಡಿದು ಎಲ್ಲರಿಗೂ ತಲುಪಿಸಿತು.

ಎರಡು ಭಾನುವಾರ ಸೆಲ್ಸೊ ಆದ ಮೇಲೆ ನೇರ ದೋನ್ಯಾ ಏಲಿದಾ. ನಿಬಿಯಾ ಕೇಳುತ್ತಾ ಕೂತಳು. ತಾನು ಹಟ ಮಾಡುತ್ತಿದ್ದೇನೆಯೇ? ಅವರು ಹೇಳಿದ ಬೆಂಕಿಯ ಮಾತು ಸುಳ್ಳೇ? ನಿಜಕ್ಕೂ ಹಾಗೇನಾದರೂ ಆಗಿ, ತನ್ನಿಂದ ಯಾರದೋ ಮನೆ ಸುಟ್ಟರೆ? ಪಾತ್ರೆ ತೊಳೆಯುವಾಗ, ಉಣ್ಣೆ ಎಳೆಯುವಾಗ, ಮಗಳ ಕೂದಲು ಬಾಚುವಾಗ ಇದೇ ಗಿರಣಿ. ವಾಕ್ಯಕ್ಕೊಮ್ಮೆ ಗುಂಡಿ ಬಿಟ್ಟು ಎರಡು ಎಣಿಸುವುದನ್ನು ಖಾಲಿ ಮೈಕಿನಲ್ಲಿ ನೂರು ಸಲ ಅಭ್ಯಾಸ ಮಾಡಿದಳು. ಕೈ ತಪ್ಪಲಿಲ್ಲ. ಎರಡನೆಯ ಭಾನುವಾರ ಅರಾಸೆಲಿ ರೇಡಿಯೊದ ಮುಂದೆ ನಿಂತು, "ಅಮ್ಮನ ಹೆಸ್ರು ಬರ್ಲೇ ಇಲ್ಲ," ಎಂದಳು, ಒಂದಿಷ್ಟೂ ಉಗ್ಗದೆ. ಅದೇ ನಿಬಿಯಾಳಿಗೆ ಹೆಚ್ಚು ಚುಚ್ಚಿತು.

ಮೂರನೆಯ ಭಾನುವಾರ ಸೆಲ್ಸೊ ತನ್ನ ಮಳೆಯ ಲೆಕ್ಕ ಹೇಳಿ "ಕಾಂಬ್ಯೊ" ಎಂದದ್ದೇ ತಡ, ಯಾರೂ ಕರೆಯದಿದ್ದರೂ ನಿಬಿಯಾ ಒತ್ತಿದಳು.

ಒತ್ತಿದ ಮೇಲೆ ಅವಳಿಗೇನೂ ಕೇಳಿಸದು. ದೋನ್ ವಾಲ್ದೆಮಾರ್ ತನ್ನ ಮೇಲೆಯೇ ಮಾತಾಡುತ್ತಿದ್ದಾರೆಯೇ, ಎಲ್ಲರೂ ನಗುತ್ತಿದ್ದಾರೆಯೇ, ತನ್ನ ದನಿ ಯಾರಿಗಾದರೂ ಮುಟ್ಟುತ್ತಿದೆಯೇ, ಒಂದೂ ತಿಳಿಯದು. ಬಾವಿಗೆ ಕಲ್ಲು ಹಾಕಿದ ಹಾಗೆ ಒಂದೊಂದೇ ಪದ ಹಾಕಿದಳು. ಹೆಸರು. ಬಿಟ್ಟಳು, ಕಿರುಚು ಸದ್ದು, "ಪಟ್ಟಿಯಲ್ಲಿಲ್ಲದ..." ಎಂಬ ದೋನ್ ವಾಲ್ದೆಮಾರ್ ಅವರ ದನಿ. ಮತ್ತೆ ಒತ್ತಿದಳು. ಮಳೆ ಹನ್ನೆರಡು ಮಿಲಿಮೀಟರು. ಬಿಟ್ಟಳು, ಕಿರುಚು. ಒತ್ತಿದಳು. ನದಿಯ ಮಟ್ಟ, "ಮ... ಮ..." ಬೆವರಿಗೆ ಮೈಕು ಜಾರುತ್ತಿತ್ತು. ಮಗಳು ಕಣ್ಣು ಪಿಳುಕಿಸದೆ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದಳು. "ಮೂರು ಮೀಟರು ನಲವತ್ತು. ಏರ್ತಾ ಇದೆ. ಕಾಂಬ್ಯೊ."

ಬಿಟ್ಟಳು. ಎಣ್ಣೆ ಕಾಯುವ ಸದ್ದು. ಅವಳ ಕಂಬ ದಂಡೆಯ ಎತ್ತರದಲ್ಲಿ, ದೋನ್ ವಾಲ್ದೆಮಾರ್ ಅವರದು ತಗ್ಗಿನ ಸ್ಟೇಷನ್ ಬೀದಿಯಲ್ಲಿ. ಇಬ್ಬರೂ ಒಟ್ಟಿಗೆ ಮಾತಾಡಿದರೆ ದೂರದವರಿಗೆ ಕೇಳುವುದು ಅವಳ ದನಿಯೇ ಎಂದು ಅವರಿಗೂ ಗೊತ್ತು, ಅವಳಿಗೂ ಗೊತ್ತು.

ಕೊನೆಗೆ ಕೆಳದಂಡೆಯಿಂದ ಒಂದು ಒಣಗಿದ ದನಿ ಬಂತು. ದೋನ್ಯಾ ಏಲಿದಾ.

"ನಿಬಿಯಾ, ಮೂರು ನಲವತ್ತು ಅಂದ್ಯಾ ಮಗಳೇ? ಏರ್ತಿದ್ರೆ ಕುರೀನ ಇವತ್ತೇ ದಿಣ್ಣೆ ಹತ್ತಿಸ್ಬೇಕು ನಾನು. ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು, ನಂಗೇನೂ ಅವಸರ ಇಲ್ಲ."

"ದೋನ್ಯಾ ಏಲಿದಾ," ದೋನ್ ವಾಲ್ದೆಮಾರ್ ನಡುವೆ ಬಂದರು, "ನಿಯಮ ಮಾಡಿದ್ದೇ ನಿಮ್ಮ ಕೊಟ್ಟಿಗೆ ಸುಟ್ಟಿದ್ದಕ್ಕೆ."

"ಸುಟ್ಟಿದ್ದು ನನ್ನ ಕೊಟ್ಟಿಗೆ ತಾನೇ, ವಾಲ್ದೆಮಾರ್? ನಿಂದಲ್ವಲ್ಲ. ಅವತ್ತು ಮುಕ್ಕಾಲು ಗಂಟೆ ಕೂಗಿದ್ದು ನಾನು. ಕೂಗಿದ್ರೂ ಕೇಳಿಸ್ದೇ ಇರೋದು ಹೆಂಗಿರತ್ತೆ ಅಂತ ನಂಗೆ ಗೊತ್ತು. ಅದನ್ನ ಈ ಹುಡುಗಿಗೆ ಮಾಡ್ತಿದ್ದೀರಲ್ಲ, ನನ್ನ ಹೆಸ್ರಲ್ಲಿ!"

ಯಾರೂ ಹೀರಲಿಲ್ಲ. ಸೆಲ್ಸೊ ಕೂಡ.

ನಿಬಿಯಾ ಒತ್ತಿ ಮಟ್ಟವನ್ನು ಮತ್ತೆ ಹೇಳಿದಳು. ಹದಿನಾಲ್ಕು ಸೆಕೆಂಡು ಹಿಡಿಯಿತು. ಈ ಸಲ ಅವಳು ಎಣಿಸಲಿಲ್ಲ, ಎಣಿಸಿದ್ದು ದೋನ್ ವಾಲ್ದೆಮಾರ್.

"ಹದಿನಾಲ್ಕು," ಎಂದರು. "ನಿಯಮಕ್ಕೆ ವಿರುದ್ಧ. ಬರ್ಕೊಳ್ತಾ ಇದ್ದೀನಿ."

"ಬ... ಬರ್ಕೊಳಿ. ಪೂರ್ತಿ ಹೆಸ್ರು ಬರ್ಕೊಳಿ. ನಿಬಿಯಾ ಅರೋಸ್ಪಿದೆ. ಮುಂದಿನ ವಾರಾನೂ ಬರ್ತೀನಿ, ಅದ್ರ ಮುಂದಿನ ವಾರಾನೂ. ಹಾಳೆ ಸಾಲ್ದಿದ್ರೆ ಹೇಳಿ. ಕಾಂಬ್ಯೊ."

ಅಷ್ಟರಲ್ಲಿ ಅರಾಸೆಲಿ ಅವಳ ಲಂಗ ಜಗ್ಗಿದಳು. "ನಾ... ನಾನೂ."

ನಿಬಿಯಾಳ ಧೈರ್ಯ ಆಗ ನಿಜಕ್ಕೂ ಅಳ್ಳಾಡಿತು. ತನ್ನನ್ನು ನಕ್ಕರೆ ತಡೆದುಕೊಂಡಾಳು. ಮಗಳನ್ನು ನಕ್ಕರೆ? ಈಗ ಬೇಡ, ದೊಡ್ಡವಳಾದ ಮೇಲೆ ಎನ್ನೋಣವೆಂದು ಬಾಯಿಗೆ ಬಂದಿತ್ತು. ನುಂಗಿಕೊಂಡು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮೈಕು ಮಗಳ ಬಾಯಿಗೆ, ಹೆಬ್ಬೆರಳು ತನ್ನದು.

"ನಾನು ಅ... ಅ..." ಮಗುವಿನ ಗದ್ದ ಎದೆಗೆ ಇಳಿಯಿತು. ಕಣ್ಣು ಮುಚ್ಚಿತು. ತಾನೇ ಹೇಳಿಬಿಡಲೇ ಎಂದು ನಿಬಿಯಾಳ ನಾಲಿಗೆ ತುರಿಸಿತು. ಹೇಳಲಿಲ್ಲ. ಬೆರಳಿನ ಉಗುರು ಬೆಳ್ಳಗಾಯಿತು. ಹೊರಗೆ ಪಂಪು ಗುಂಯ್‌ಗುಟ್ಟುತ್ತಿತ್ತು, ನದಿಯ ಉದ್ದಕ್ಕೂ ಹನ್ನೊಂದು ಮನೆ ಆ ಸ್ವಚ್ಛ ಮೌನವನ್ನು ಕೇಳುತ್ತಾ ಕೂತಿತ್ತು.

"ಅರಾಸೆಲಿ! ನಮ್ಮ ಕೋಳಿ ಮೊ... ಮೊಟ್ಟೆ ಇಟ್ಟಿದೆ. ಎರಡು. ಒಂದು ನಂಗೆ, ಒಂದು ಗೊಂಬೆಗೆ. ಆಮೇಲೆ, ಆಮೇಲೆ ನನ್ನ ಚಪ್ಪಲಿ ನದೀಲಿ ಹೋಯ್ತು, ಅದಕ್ಕೇ ನದಿ ಏ... ಏರಿದ್ದು!" ಆಮೇಲೆ ಇನ್ನೇನೇನೋ. ಬೆಕ್ಕು, ಅಪ್ಪನ ಲಾರಿಯ ಗಾಲಿ, ಹಲ್ಲು. ನಿಲ್ಲಿಸುವ ಸೂಚನೆಯೇ ಇರಲಿಲ್ಲ. ವಾಕ್ಯಕ್ಕೊಮ್ಮೆ ನಿಬಿಯಾ ಗುಂಡಿ ಬಿಟ್ಟು ಎರಡು ಎಣಿಸಿದಳು. ಆ ಎರಡರ ಸಂದಿಯಲ್ಲಿ ಯಾರೂ ಬರಲಿಲ್ಲ.

ಇವತ್ತಿಗೂ ದೋನ್ ವಾಲ್ದೆಮಾರ್ ಅವರ ಪಟ್ಟಿಯಲ್ಲಿ ನಿಬಿಯಾಳ ಹೆಸರಿಲ್ಲ. ಅಳಿಸಿದ್ದನ್ನು ಮತ್ತೆ ಬರೆಯುವ ಜಾತಿಯವರಲ್ಲ ಅವರು. ಆದರೆ ಸೆಲ್ಸೊ ಮುಗಿಸಿದ ಮೇಲೆ ದೋನ್ಯಾ ಏಲಿದಾರನ್ನು ಅವರು ಕೂಡಲೇ ಕರೆಯುವುದಿಲ್ಲ. ಕನ್ನಡಕ ಒರೆಸುತ್ತಾರೋ, ಮಾಟೆಗೆ ನೀರು ತುಂಬಿಕೊಳ್ಳುತ್ತಾರೋ, ಅಂತೂ ಸುಮ್ಮನಿರುತ್ತಾರೆ. ಅದನ್ನು ಅಪ್ಪಣೆ ಎಂದು ಅವರು ಯಾವತ್ತೂ ಹೇಳಿಲ್ಲ. ನಿಬಿಯಾಳೂ ಅಪ್ಪಣೆ ಎಂದು ತಿಳಿದುಕೊಂಡಿಲ್ಲ. ಒತ್ತುತ್ತಾಳೆ.